ವಿಷ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ?

1986ರ ನವೆಂಬರ್ 1ರ ನಸುಕಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಕ್ಕದ ಶ್ವೈಟ್ಸರ್‌ಹಾಲೆಯಲ್ಲಿ ರಾಸಾಯನಿಕಗಳ ಗೋದಾಮಿಗೆ ಬೆಂಕಿ ಬಿತ್ತು. ಆರಿಸಲು ಹಾಯಿಸಿದ ನೀರು ಕೀಟನಾಶಕವನ್ನೂ ಪಾದರಸದ ಸಂಯುಕ್ತಗಳನ್ನೂ ಕೆಂಪು ಬಣ್ಣವನ್ನೂ ಹೊತ್ತು ರೈನ್ ನದಿಗಿಳಿಯಿತು. ನೂರಾರು ಕಿಲೋಮೀಟರ್ ಉದ್ದಕ್ಕೂ ಹಾವುಮೀನುಗಳು ಸತ್ತವು. ನದಿಯಿಂದ ನೀರೆತ್ತುತ್ತಿದ್ದ ಕೆಳಗಿನ ಊರುಗಳಿಗೆ ಆಗ ಬೇಕಾಗಿದ್ದದ್ದು ಎರಡು ಉತ್ತರ. ಪಂಪ್ ಯಾವಾಗ ನಿಲ್ಲಿಸಬೇಕು? ಮತ್ತೆ ಯಾವಾಗ ಶುರು ಮಾಡಬಹುದು?

ಎರಡನೆಯ ಪ್ರಶ್ನೆಯೇ ಹೆಚ್ಚು ಕಷ್ಟದ್ದು. ನದಿಗೆ ಒಡ್ಡುಗಳಿದ್ದರೆ ಅದು ಇನ್ನೂ ಜಟಿಲ. ಬಾಸೆಲ್‌ನ ಕೆಳಗೆ ಕೆಂಬ್ಸ್‌ನಿಂದ ಇಫೆಟ್ಸ್‌ಹೈಮ್‌ವರೆಗೆ ರೈನ್‌ಗೆ ಹತ್ತು ಬ್ಯಾರೇಜುಗಳಿವೆ.

ಲೆಕ್ಕದ ಮೂಲ ಸರಳ. ಹರಿವು ವಿಷವನ್ನು ಮುಂದಕ್ಕೆ ಒಯ್ಯುತ್ತದೆ, ಒಯ್ಯುತ್ತಲೇ ಹರಡುತ್ತದೆ. ನಡುನೀರು ಜೋರಾಗಿ ಓಡುತ್ತದೆ, ದಡದ ನೀರು ಹಿಂದುಳಿಯುತ್ತದೆ. ವಿಷದ ಪಟ್ಟಿ ಉದ್ದವಾಗುವುದು ಮುಖ್ಯವಾಗಿ ಈ ವ್ಯತ್ಯಾಸದಿಂದ. ಕೊಳವೆಯೊಳಗೆ ಇದು ಹೇಗೆ ನಡೆಯುತ್ತದೆಂದು ಬ್ರಿಟನ್ನಿನ ಭೌತವಿಜ್ಞಾನಿ ಜಿ. ಐ. ಟೇಲರ್ 1950ರ ದಶಕದಲ್ಲಿ ಗಣಿತದಿಂದ ತೋರಿಸಿದರು. ನಾಲ್ಕು ಪಟ್ಟು ಹೊತ್ತು ಕಳೆದರೆ ಪಟ್ಟಿಯ ಉದ್ದ ಎರಡು ಪಟ್ಟು.

ಒಡ್ಡು ಬಂದ ಕೂಡಲೇ ಮೊದಲು ಬದಲಾಗುವುದು ಸಮಯ. ತಡೆಯಿಲ್ಲದೆ ಹರಿಯುವ ನದಿಯಲ್ಲಿ ನೀರು ಅರ್ಧಕ್ಕಿಳಿದರೆ ಆಳವೂ ತಗ್ಗುತ್ತದೆ. ಹಾಗಾಗಿ ವೇಗ ಅಷ್ಟೇನೂ ಕುಸಿಯುವುದಿಲ್ಲ. ವಿಷ ತಲುಪಲು ಹಿಡಿಯುವ ಹೊತ್ತು ಸುಮಾರು ಮೂರನೇ ಒಂದು ಭಾಗ ಹೆಚ್ಚಬಹುದು. ಒಡ್ಡಿನ ಹಿಂದೆ ಹಾಗಲ್ಲ. ಗೇಟುಗಳು ಮಟ್ಟವನ್ನು ಹಿಡಿದಿಟ್ಟಿರುತ್ತವೆ, ನೀರಿನ ಸಂಗ್ರಹ ಇದ್ದಷ್ಟೇ ಇರುತ್ತದೆ. ಒಂದು ಒಡ್ಡಿನ ಹಿಂದೆ 2 ಕೋಟಿ ಘನ ಮೀಟರ್ ನೀರಿದೆ ಅನ್ನಿ. ಸೆಕೆಂಡಿಗೆ 1,000 ಘನ ಮೀಟರ್ ಹರಿಯುತ್ತಿದ್ದರೆ ದಾಟಲು ಸುಮಾರು ಐದೂವರೆ ಗಂಟೆ. ಹರಿವು 500ಕ್ಕಿಳಿದರೆ ಹನ್ನೊಂದು ಗಂಟೆ. ಇಂಥ ಹತ್ತು ಮಡುಗಳು ಸಾಲಾಗಿದ್ದರೆ ಎರಡು ದಿನಕ್ಕೂ ಮೀರಿದ ವ್ಯತ್ಯಾಸ. ಬೇಸಿಗೆಗೆ ಗೇಟು ಇಳಿಸಿದ ಬ್ಯಾರೇಜಿನ ನೀರು ಎಷ್ಟು ನಿಧಾನ ಎಂಬುದು ಕೃಷ್ಣಾ, ಭೀಮಾ ದಂಡೆಯವರು ಕಣ್ಣಾರೆ ಕಂಡದ್ದೇ.

ಬಂದರಿನ ಮೂಲೆ, ದಡದ ಕೊಲ್ಲಿ, ದಡದಿಂದ ನದಿಯೊಳಕ್ಕೆ ಚಾಚಿದ ಕಲ್ಲಿನ ದಿಂಡುಗಳ ನಡುವಿನ ಸಂದು, ಇಲ್ಲೆಲ್ಲ ನೀರು ಸುಮ್ಮನೆ ಸುತ್ತುತ್ತಿರುತ್ತದೆ. ವಿಷದ ಒಂದು ಪಾಲು ಅಲ್ಲಿ ಸಿಕ್ಕಿಕೊಂಡು, ಮುಖ್ಯ ಪಟ್ಟಿ ದಾಟಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹೊರಬೀಳುತ್ತದೆ. ನದಿಗೆ ಹಸಿರು ಹೊಳಪಿನ ಯುರಾನಿನ್ ಬಣ್ಣ ಸುರಿದು, ಕೆಳಗೆ ಹೊತ್ತುಹೊತ್ತಿಗೆ ಮಾದರಿ ಹಿಡಿದು ಅಳೆದರೆ ಇದು ಗ್ರಾಫಿನಲ್ಲೇ ಕಾಣುತ್ತದೆ: ಗೆರೆ ಥಟ್ಟನೆ ಏರುತ್ತದೆ, ಇಳಿಯುವಾಗ ಮಾತ್ರ ಉದ್ದನೆಯ ಬಾಲ ಎಳೆಯುತ್ತದೆ. ಟೇಲರ್ ಸೂತ್ರವನ್ನೊಂದೇ ನೆಚ್ಚಿದರೆ ಈ ಬಾಲ ಸಿಗುವುದಿಲ್ಲ. ಪಂಪ್ ಬೇಗ ಶುರುವಾಗಿ ವಿಷ ನಲ್ಲಿಗೆ ಬಂದೀತು. 1986ರ ದುರಂತದ ನಂತರ ರೂಪುಗೊಂಡ, ವಿಷ ಎಲ್ಲಿಗೆ ಯಾವಾಗ ತಲುಪುತ್ತದೆಂದು ಲೆಕ್ಕ ಹಾಕುವ ರೈನ್ ಎಚ್ಚರಿಕೆ ಮಾದರಿಯಲ್ಲಿ ಈ ನಿಂತ ನೀರಿನ ಪಾಲಿಗೆ ಪ್ರತ್ಯೇಕ ಲೆಕ್ಕವಿದೆ, ಮತ್ತು ಅದನ್ನು ಹೊಂದಿಸಿದ್ದು ನದಿಯಲ್ಲೇ ಬಣ್ಣ ಬಿಟ್ಟು ನಡೆಸಿದ ಪ್ರಯೋಗಗಳಿಂದ. ನನಗೆ ಇದರಲ್ಲಿ ಬಹಳ ಮೆಚ್ಚಿಗೆಯಾಗುವುದು ಇದೇ: ನದಿಯನ್ನು ಕೇಳದೆ ಸೂತ್ರ ಕಟ್ಟಲಿಲ್ಲ.

ನದಿ ಕವಲಾದರೆ ಇನ್ನೊಂದು ತೊಡಕು. ಕೆಂಬ್ಸ್‌ನಲ್ಲಿ ಬಹುಪಾಲು ನೀರು ವಿದ್ಯುತ್ತಿಗಾಗಿ ಕಾಲುವೆಗೆ ಹೋಗುತ್ತದೆ, ಉಳಿದದ್ದು ಹಳೆಯ ಪಾತ್ರದಲ್ಲಿ ಹರಿಯುತ್ತದೆ. ಎರಡು ದಾರಿಗೂ ಒಂದೇ ಹೊತ್ತು ಹಿಡಿಯದ ಕಾರಣ, ಅವು ಕೂಡಿದ ಮೇಲೆ ಗ್ರಾಫಿನಲ್ಲಿ ಎರಡು ಗುಡ್ಡ ಏಳಬಹುದು. ಮೊದಲನೆಯದು ಇಳಿಯಿತೆಂದು ನಿಟ್ಟುಸಿರು ಬಿಡುವ ಹಾಗಿಲ್ಲ.

ಒಡ್ಡಿನಿಂದ ಒಳಿತೂ ಇದೆ. ಧುಮುಕುವ ನೀರು ಗಾಳಿಯ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಚರಂಡಿ ನೀರು ಸೇರಿದ ನದಿಗೆ ಅದು ದೊಡ್ಡ ಆಸರೆ.

ಹೂಳಿಗೆ ಅಂಟುವ ವಿಷಕ್ಕೆ ಮಾತ್ರ ಗಂಟೆಯ ಲೆಕ್ಕ ಸಾಲದು. ಹೆಕ್ಸಾಕ್ಲೋರೋಬೆಂಜೀನ್ ಎಂಬ, ಸುಲಭವಾಗಿ ಕರಗದ ಕ್ಲೋರಿನ್ ಸಂಯುಕ್ತ ಹೂಳಿನ ಕಣಗಳಿಗೆ ಹತ್ತಿ, ಮೇಲಿನ ರೈನ್‌ನ ಬ್ಯಾರೇಜುಗಳ ಹಿಂದೆ ದಶಕಗಳಿಂದ ಕೂತಿದೆ. ಮಾಮೂಲಿ ಹರಿವಿಗೆ ಅದು ಅಲುಗುವುದಿಲ್ಲ. ಮಹಾಪೂರದಲ್ಲಿ ತಳದ ಮೇಲೆ ನೀರಿನ ಎಳೆತ ಒಂದು ಮಿತಿ ದಾಟಿದಾಗ ಹೂಳು ಎದ್ದು ಕೆಳಗಿನ ಬ್ಯಾರೇಜಿಗೆ ಸಾಗುತ್ತದೆ. ಆ ಮಿತಿ ಎಷ್ಟೆಂದು ತಿಳಿಯಲು ತಳದಿಂದ ಹೂಳಿನ ಕಂಬಗಳನ್ನು ಕೊರೆದು ತೆಗೆದು, ಪ್ರಯೋಗಾಲಯದಲ್ಲಿ ಅವುಗಳ ಮೇಲೆ ನೀರು ಹರಿಸಿ, ಯಾವ ಬಿರುಸಿಗೆ ಯಾವ ಪದರ ಕಿತ್ತುಬರುತ್ತದೆಂದು ಒಂದೊಂದಾಗಿ ಅಳೆಯುತ್ತಾರೆ.