ಪದ ಪರಿಚಯ: ಮಣ್ಣು–ನೀರು ಸಂರಕ್ಷಣೆಯ ವೃತ್ತಿಪರ ಸಂಘ

ಮಣ್ಣು ಕೊಚ್ಚಿಹೋಗದಂತೆ, ಬಿದ್ದ ಮಳೆ ಹೊಲದಲ್ಲೇ ಇಂಗುವಂತೆ ಮಾಡುವ ಕೆಲಸದಲ್ಲಿರುವ ಎಂಜಿನಿಯರುಗಳು, ಮಣ್ಣು ವಿಜ್ಞಾನಿಗಳು, ಬೇಸಾಯ ಮತ್ತು ಅರಣ್ಯ ತಜ್ಞರು ತಾವೇ ಚಂದಾ ಕಟ್ಟಿ ನಡೆಸುವ ಕೂಟವೇ ಈ ಕ್ಷೇತ್ರದ ವೃತ್ತಿಪರ ಸಂಘ. ಬದು ಹಾಕಿಸುವುದು ಇಲಾಖೆ, ಪ್ರಯೋಗ ನಡೆಸುವುದು ಸಂಶೋಧನಾ ಕೇಂದ್ರ. ಹಾಕಿದ ಬದು ನಿಂತಿತೇ, ಒಡೆಯಿತೇ, ಒಡೆದಿದ್ದರೆ ಏಕೆ ಎಂಬುದನ್ನು ಅಳತೆ ಸಮೇತ ಬರೆಸಿ, ಬೇರೆ ತಜ್ಞರಿಂದ ಒರೆಗೆ ಹಚ್ಚಿಸಿ, ಇನ್ನೊಂದು ಜಿಲ್ಲೆಯವರ ಕೈಗೂ ಸಿಗುವಂತೆ ಮಾಡುವುದು ಸಂಘದ ಪಾಲಿನ ಕೆಲಸ.

ಅಮೆರಿಕದಲ್ಲಿ ದೂಳುಗಾಳಿ ಹೊಲಗಳನ್ನೇ ಹೊತ್ತೊಯ್ದ ಕಾಲದಲ್ಲಿ, 1935ರಲ್ಲಿ, ಮಣ್ಣು ಸಂರಕ್ಷಣೆಗೆಂದೇ ಸರಕಾರಿ ಇಲಾಖೆ ಹುಟ್ಟಿತು. ಅದರ ಮುಖ್ಯಸ್ಥರಾಗಿದ್ದ ಹ್ಯೂ ಹ್ಯಾಮಂಡ್ ಬೆನೆಟ್ ಅವರೇ 1943ರಲ್ಲಿ ವೃತ್ತಿಪರ ಸಂಘ ಕಟ್ಟುವುದರಲ್ಲೂ ಮುಂದಾದರು. 1946ರಲ್ಲಿ ಅದರ ಪತ್ರಿಕೆ ಹೊರಬಂತು. ನಮ್ಮಲ್ಲಿ ಮಣ್ಣು ವಿಜ್ಞಾನಿಗಳ ಸಂಘ 1934ರಷ್ಟು ಹಳೆಯದು. ಸಂರಕ್ಷಣೆಯ ಕೆಲಸಕ್ಕೆಂದೇ ಇರುವ ಇಂಡಿಯನ್ ಅಸೋಸಿಯೇಷನ್ ಆಫ್ ಸಾಯಿಲ್ ಅಂಡ್ ವಾಟರ್ ಕನ್ಸರ್ವೇಷನಿಸ್ಟ್ಸ್ ಡೆಹ್ರಾಡೂನಿನಲ್ಲಿದೆ.

ಇಂಥ ಸಂಘ ಏಕೆ ಬೇಕೆಂಬುದಕ್ಕೆ ಬಳ್ಳಾರಿಯ ಎರೆ (ಕಪ್ಪು ಜೇಡಿ ಮಣ್ಣಿನ) ಭೂಮಿಯನ್ನು ನೋಡಬೇಕು. ವರ್ಷಕ್ಕೆ 700–800 ಮಿ.ಮೀ.ಗಿಂತ ಕಡಿಮೆ ಮಳೆಯಾಗುವಲ್ಲಿ ಸಮಪಾತಳಿ ಬದು, ಅಂದರೆ ಇಳಿಜಾರಿಗೆ ಅಡ್ಡವಾಗಿ ಉದ್ದಕ್ಕೂ ಒಂದೇ ಮಟ್ಟದಲ್ಲಿರುವ ಬದು, ಹಾಕಿ ನೀರು ನಿಲ್ಲಿಸಿ ಎನ್ನುತ್ತದೆ ಸಾಮಾನ್ಯ ನಿಯಮ. ಬಳ್ಳಾರಿಯ ಮಳೆ ಸುಮಾರು 500 ಮಿ.ಮೀ., ಹಾಗಾಗಿ ಮಳೆಯ ಲೆಕ್ಕ ಮಾತ್ರ ನೋಡಿದರೆ ಬದು ಸರಿಯೇ. ಆದರೆ ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ. ಆ ಮಣ್ಣಿನಿಂದಲೇ ಕಟ್ಟಿದ ಬದುವೂ ಬಿರಿಯುತ್ತದೆ. ಮೊದಲ ಜೋರು ಮಳೆಯ ನೀರು ಬಿರುಕಿಗೆ ನುಗ್ಗಿ, ಒಳಗೊಳಗೇ ಕೊರೆದು ಬದುವನ್ನು ಒಡೆಯುತ್ತದೆ. ಬದುವಿನುದ್ದಕ್ಕೂ ನಿಂತಿದ್ದ ನೀರೆಲ್ಲ ಒಂದೇ ಕಂಡಿಯಲ್ಲಿ ಹೊರಟು ಕೆಳಗಿನ ಹೊಲದಲ್ಲಿ ಕೊರಕಲು ಬೀಳುತ್ತದೆ. ಬದು ಒಡೆಯದೆ ಉಳಿದರೂ ಒದ್ದೆಯಾದ ಎರೆಯಲ್ಲಿ ನೀರು ಬೇಗ ಇಂಗುವುದಿಲ್ಲ, ಬದುವಿನ ಮೇಲ್ಬದಿಯ ಬೆಳೆ ಕೊಳೆಯುತ್ತದೆ. ಅದಕ್ಕೇ ಇಂಥಲ್ಲಿ 100 ಮೀಟರಿಗೆ 20ರಿಂದ 40 ಸೆಂ.ಮೀ. ಇಳಿಜಾರು ಕೊಟ್ಟ ಬದು ಹಾಕಿ, ಹೆಚ್ಚಾದ ನೀರನ್ನು ಹುಲ್ಲು ಬೆಳೆಸಿದ ಕಾಲುವೆಗೆ ನಿಧಾನವಾಗಿ ಬಿಡುವುದು ಸೂಕ್ತ. ಮಳೆಯ ಜೊತೆಗೆ ಮಣ್ಣು ನೀರು ಹೀರುವ ವೇಗವನ್ನೂ ನೋಡಬೇಕೆಂಬ ಈ ತಿಳಿವಳಿಕೆ ಒಂದೇ ಕಚೇರಿಯ ಕಡತದಲ್ಲಿ ಉಳಿದರೆ, ಪಕ್ಕದ ಜಿಲ್ಲೆಯವರು ಅದೇ ಬದುವನ್ನು ಮತ್ತೆ ಕಟ್ಟಿ ಮತ್ತೆ ಒಡೆಸಿಕೊಳ್ಳುತ್ತಾರೆ.

ಸಂಘದ ಪತ್ರಿಕೆಗೆ ಬಂದ ಲೇಖನವನ್ನು ಪರಿಶೀಲಕರು ಎಲ್ಲಿ ಹಿಡಿಯುತ್ತಾರೆ? ಮೊದಲು ಅಳತೆಯಲ್ಲಿ. ಮಣ್ಣು ನಷ್ಟ ಅಳೆಯುವ ತಾಕು ಸಾಮಾನ್ಯವಾಗಿ ಇಳಿಜಾರಿನುದ್ದಕ್ಕೆ 22 ಮೀಟರ್, ಅಗಲ 1.8 ಮೀಟರ್, ಅಂದರೆ ಸುಮಾರು 40 ಚದರ ಮೀಟರ್. ಹರಿದ ನೀರು ಕೆಳಗಿನ ತೊಟ್ಟಿಗೆ ಬೀಳುತ್ತದೆ. ತೊಟ್ಟಿಯ ತಳದ ಕೆಸರು ಪೂರ್ತಿ ಮೇಲೇಳುವಂತೆ ಕದಡಿ, ನೀರು ಇನ್ನೂ ತಿರುಗುತ್ತಿರುವಾಗಲೇ 1 ಲೀಟರ್ ತೆಗೆದು, 105 ಡಿಗ್ರಿಯಲ್ಲಿ ಒಣಗಿಸಿ ತೂಗಬೇಕು. ಕದಡದೆ ಮೇಲಿನ ನೀರು ತೆಗೆದರೆ ನಷ್ಟ ಕಡಿಮೆ ಎಂದು ತೋರುತ್ತದೆ. ತಾಕಿನಲ್ಲಿ 1 ಮಿ.ಮೀ. ನೀರು ಹರಿದರೆ 40 ಲೀಟರ್. ದೊಡ್ಡ ಮಳೆಗೆ ತೊಟ್ಟಿ ಸಾಲದು. ಅದಕ್ಕೆ ಬೆಸಸಂಖ್ಯೆಯ ಕಂಡಿಗಳಿರುವ ತಗಡು ಕೂರಿಸಿ, ನಡುವಿನ ಕಂಡಿಯ ನೀರನ್ನು ಮಾತ್ರ ಎರಡನೆಯ ತೊಟ್ಟಿಗೆ ಬಿಡುತ್ತಾರೆ. 9 ಕಂಡಿಗಳಿದ್ದರೆ ಅಲ್ಲಿ ಸಿಕ್ಕಿದ್ದನ್ನು 9ರಿಂದ ಗುಣಿಸಬೇಕು. ಒಂದು ಕಂಡಿಗೆ ಕಸ ಸಿಕ್ಕಿಕೊಂಡರೂ ಗುಣಾಕಾರ ತಪ್ಪುತ್ತದೆ.

ಈ ತಾಕಿನಲ್ಲಿ 1 ಕಿಲೋ ಮಣ್ಣು ಹೋಯಿತೆಂದರೆ ಹೆಕ್ಟೇರಿಗೆ 250 ಕಿಲೋ. ಭಾರತದ ಸರಾಸರಿ ಮಣ್ಣು ನಷ್ಟ ವರ್ಷಕ್ಕೆ ಹೆಕ್ಟೇರಿಗೆ 16.4 ಟನ್ ಎಂಬ, ಇಂದಿಗೂ ಎಲ್ಲೆಡೆ ಉಲ್ಲೇಖವಾಗುವ ಅಂದಾಜನ್ನು ಧ್ರುವ ನಾರಾಯಣ ಮತ್ತು ರಾಮ್ ಬಾಬು 1983ರಲ್ಲಿ ಕೊಟ್ಟರು. ಅದು ಅಚ್ಚಾದದ್ದೂ ಒಂದು ವೃತ್ತಿಪರ ಸಂಘದ ಪತ್ರಿಕೆಯಲ್ಲೇ, ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ್ದು. ಹೀಗೆ ಹೋಗುವ ಮಣ್ಣಿನಲ್ಲಿ ಸುಮಾರು 10 ಶೇಕಡ ಜಲಾಶಯಗಳಲ್ಲಿ ಹೂಳಾಗುತ್ತದೆ ಎಂದೂ ಅವರು ಲೆಕ್ಕ ಹಾಕಿದ್ದರು. ಆರಂಭದಲ್ಲಿ 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಇಂದು ಸುಮಾರು 105 ಟಿಎಂಸಿಗೆ ಇಳಿದಿರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಂಘಗಳು ಎಡವುವುದು ಎರಡು ಕಡೆ. ಗೆದ್ದ ಪ್ರಯೋಗದ ಲೇಖನವೇ ಹೆಚ್ಚು ಬರುತ್ತದೆ, ಬದು ಒಡೆದ ವರದಿ ಅಪರೂಪ. ಎರಡು ಬರಗಾಲದ ವರ್ಷಗಳ ಅಂಕಿಅಂಶ ಇಟ್ಟುಕೊಂಡು ‘ರಚನೆ ಗಟ್ಟಿಯಾಗಿದೆ’ ಎಂದರೆ ಅದಕ್ಕೆ ಬೆಲೆಯಿಲ್ಲ. ಅದನ್ನು ಪರೀಕ್ಷಿಸುವಂಥ ಮಳೆಯೇ ಬಿದ್ದಿರುವುದಿಲ್ಲವಲ್ಲ. ಎರಡನೆಯದು ಭಾಷೆ. ಲೇಖನ ಇಂಗ್ಲಿಷಿನಲ್ಲಿ, ಬದು ಗುರುತು ಹಾಕುವವರ ಕೆಲಸ ಕನ್ನಡದಲ್ಲಿ. ಪ್ರತಿ ಸಂಚಿಕೆಯ ಉಪಯುಕ್ತ ಲೇಖನಗಳಿಗೆ ಒಂದೊಂದು ಪುಟದ ಕನ್ನಡ ಸಾರ ಬರೆಸಿ ಜಲಾನಯನ ಸಹಾಯಕರಿಗೆ ತಲುಪಿಸುವುದನ್ನು ಸಂಘಗಳು ಸಮ್ಮೇಳನಕ್ಕಿಂತ ಮೊದಲ ಕೆಲಸವೆಂದು ಹಿಡಿಯಬೇಕು.

ಹೊಲದಲ್ಲಿ ಕೆಲಸ ಮಾಡುವವರು ಸಂಘಕ್ಕೆ ಕೊಡಬಹುದಾದದ್ದೂ ದೊಡ್ಡದೇ. ಒಡೆದ ಒಂದು ಬದುವಿನ ವರದಿಗೆ ಬೇಕಾದದ್ದು ಇಷ್ಟು: ಇಳಿಜಾರು ಶೇಕಡ ಎಷ್ಟು, ಮಣ್ಣಿನ ಬಗೆ ಮತ್ತು ಆಳ, ಬದುವಿನ ತಳದ ಅಗಲ, ಮೇಲಗಲ, ಎತ್ತರ, ಮೇಲಿನ ಬದುವಿಗಿರುವ ದೂರ, ಕೋಡಿಯ ಅಗಲ, ಆ ದಿನದ ಮಳೆ ಮತ್ತು ಅದು ಎಷ್ಟು ಗಂಟೆಯಲ್ಲಿ ಬಿತ್ತು. ನೀರು ಬದುವಿನ ಮೇಲೆ ಹರಿದು ಒಡೆಯಿತೋ, ಒಳಗಿನಿಂದ ಕೊರೆದು ಒಡೆಯಿತೋ ಎಂಬುದನ್ನು ಕಂಡಿ ಮುಚ್ಚಿಸುವ ಮೊದಲೇ ನೋಡಿ ಬರೆದಿಡಬೇಕು. ಮೇಲೆ ಹರಿದಿದ್ದರೆ ಎತ್ತರ ಅಥವಾ ಕೋಡಿ ಸಾಲದು, ಒಳಗೆ ಕೊರೆದಿದ್ದರೆ ಆ ಮಣ್ಣಿಗೆ ಆ ಬಗೆಯ ಬದು ಹೊಂದುವುದಿಲ್ಲ, ಇಲ್ಲವೇ ಮಣ್ಣನ್ನು ಸರಿಯಾಗಿ ದಮ್ಮಸ್ಸು ಮಾಡಿಲ್ಲ.