ಏಪ್ರಿಲ್‌ನಲ್ಲಿ ಕಾವಲು ಬಂಜರಾಗಿಯೇ ಕಾಣುತ್ತದೆ

ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲನ್ನು, ಅಂದರೆ ಅಮೃತಮಹಲ್ ದನಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲನ್ನು, ಏಪ್ರಿಲ್‌ನ ಉಪಗ್ರಹ ಚಿತ್ರದಲ್ಲಿ ನೋಡಿ. ಕಂದು ಬಯಲು, ಅಲ್ಲಲ್ಲಿ ಹಸಿರು ತೇಪೆ. ಆ ಹಸಿರು ಬಹುಪಾಲು ಬಳ್ಳಾರಿ ಜಾಲಿ. ಹೊರದೇಶದಿಂದ ಬಂದ ಗಿಡ, ಬೇರು ಆಳ, ಬೇಸಿಗೆಗೂ ಜಗ್ಗುವುದಿಲ್ಲ. ಹುಲ್ಲುಗಾವಲು ಇರುವುದು ಕಂದು ಭಾಗದಲ್ಲಿ. ಯೋಜನೆ ಮಾಡುವವರಿಗೆ ಮಾತ್ರ ಹಸಿರು ಅಂದರೆ ಕಾಡು, ಕಂದು ಅಂದರೆ ಖಾಲಿ ಜಾಗ. ಸೋಲಾರ್‌ಗೂ ಸಸಿ ನೆಡುವುದಕ್ಕೂ ಖಾಲಿ ಜಾಗವೇ ಬೇಕಲ್ವಾ?

ಅದಕ್ಕೇ ಹುಲ್ಲುಗಾವಲಿನ ನಕ್ಷೆ ಮಾಡುವ ನಾವು ಎರಡು ಚಿತ್ರ ಇಟ್ಟುಕೊಳ್ಳುತ್ತೇವೆ. ಮಳೆ ಮುಗಿಯುವ ಅಕ್ಟೋಬರ್‌ನದ್ದೊಂದು, ಬೇಸಿಗೆಯದ್ದೊಂದು. ಎರಡರಲ್ಲೂ ಹಸಿರಿದ್ದರೆ ಜಾಲಿ ಇಲ್ಲವೇ ತೋಟ. ಎರಡರಲ್ಲೂ ಇಲ್ಲದಿದ್ದರೆ ಬಂಡೆ. ಮೊದಲನೆಯದರಲ್ಲಿ ಹಸಿರಿದ್ದು ಎರಡನೆಯದರಲ್ಲಿ ಒಣಗಿದ್ದರೆ ಹುಲ್ಲು ಇರಬಹುದು. ಇರಬಹುದು ಅಷ್ಟೇ, ಏಕೆಂದರೆ ಬೀಳು ಬಿಟ್ಟ ಶೇಂಗಾ ಹೊಲವೂ ಹಾಗೇ ಕಾಣುತ್ತದೆ. ಸೆಂಟಿನೆಲ್-2 ಉಪಗ್ರಹದ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 10 ಮೀಟರ್ ಅಗಲ. ಅದರೊಳಗೆ ಯಾವ ಹುಲ್ಲಿದೆ ಎಂದು ಚುಕ್ಕಿ ಹೇಳುವುದಿಲ್ಲ.

ಅಲ್ಲಿಂದ ಮುಂದೆ ನಡಿಗೆಯೇ. 1 ಮೀಟರ್ ಚೌಕವನ್ನು ನೆಲಕ್ಕಿಟ್ಟು, ಯಾವ ಗಿಡ ಎಷ್ಟು ಪಾಲು ನೆಲ ಮುಚ್ಚಿದೆ ಎಂದು ಬರೆದುಕೊಳ್ಳುತ್ತೇವೆ. ಒಂದೇ ಹುಲ್ಲು ಸಿಕ್ಕಿತು ಅಂತ ಆ ನೆಲದ ಬಗೆಗೆ ಹೆಸರಿಡುವಂತಿಲ್ಲ. ಯಾವುದರ ಜೊತೆ ಯಾವುದು ಮತ್ತೆ ಮತ್ತೆ ಬರುತ್ತದೆ ಎನ್ನುವುದು ಮುಖ್ಯ. 1973ರಲ್ಲಿ ಹುಲ್ಲಿನ ತಜ್ಞರಾದ ದಬಡಘಾವ್ ಮತ್ತು ಶಂಕರನಾರಾಯಣ್ ದೇಶದ ಹುಲ್ಲುಗಾವಲನ್ನು 5 ಬಗೆಯಾಗಿ ವಿಂಗಡಿಸಿದರು. ಅದರಲ್ಲಿ ನಮ್ಮದು ಸೆಹಿಮಾ-ಡೈಕ್ಯಾಂಥಿಯಂ, ಎರಡು ಹುಲ್ಲುಗಳ ಹೆಸರಿನ ಬಗೆ. ದೇಶದ ನಕ್ಷೆಗೆ ಅದು ಸಾಕು, ಒಂದು ಕಾವಲಿಗೆ ಸಾಲದು.

ಸೆಹಿಮಾ, ಡೈಕ್ಯಾಂಥಿಯಂ, ಕುರಿ ಉಣ್ಣೆಗೆ ಊಬು ಚುಚ್ಚುವ ಹೆಟೆರೊಪೋಗನ್, ಇವೆಲ್ಲ ವರ್ಷ ವರ್ಷವೂ ಅದೇ ಬುಡದಿಂದ ಚಿಗುರುತ್ತವೆ. ಇವು ಒಟ್ಟಿಗಿದ್ದರೆ ಆ ನೆಲ ಬಹುಕಾಲ ಉಳುಮೆ ಕಂಡಿಲ್ಲ ಎಂದು ಊಹಿಸಬಹುದು. ಒಂದೇ ಮಳೆಗಾಲ ಬದುಕುವ ಅರಿಸ್ಟಿಡಾ ಜಾತಿಗಳು, ಜೊತೆಗೆ ತಂಗಡಿ ಗಿಡ ಜಾಸ್ತಿ ಇದ್ದರೆ ಅಲ್ಲಿ ಮೇಯಿಸಿದ್ದು ಅತಿಯಾಗಿದೆ, ಇಲ್ಲವೇ ಹೊಲ ಬೀಳು ಬಿದ್ದಿದೆ. ಇಲ್ಲಿ ಸುಮ್ನೆ ತಲೆ ಕೆಡಿಸಿಕೊಳ್ಳುವ ಬದಲು ಅಲ್ಲೇ ಕುರಿ ಮೇಯಿಸುವ ಅಜ್ಜನನ್ನು ಕೇಳುವುದು ಮೇಲು. ಯಾವ ತುಂಡನ್ನು ಯಾವಾಗ ಉತ್ತಿದ್ದರು ಎನ್ನುವುದು ಅವರಿಗೆ ಗೊತ್ತಿರುತ್ತದೆ.

ಈ ಎರಡು ಬಗೆಯ ನೆಲಕ್ಕೂ ಒಂದೇ ಬಣ್ಣ ಬಳಿದ ನಕ್ಷೆಯಿಂದ ಪ್ರಯೋಜನವಿಲ್ಲ. ಸೋಲಾರ್‌ಗೆ ಜಾಗ ಬೇಕೇ ಬೇಕು ಅಂದರೆ ಜಾಲಿ ಹಬ್ಬಿದ ಬೀಳನ್ನು ಮೊದಲು ನೋಡಿ ಎಂದು ನಾನು ವರದಿಯಲ್ಲಿ ಬರೆಯುತ್ತೇನೆ. ಹಳೆಯ ಬುಡದ ಹುಲ್ಲಿರುವಲ್ಲಿ ಗುಂಡಿ ತೋಡಿ ಸಸಿ ನೆಡುವುದಕ್ಕೂ ನನ್ನ ತಕರಾರಿದೆ, ಅದು ಬೇವಿನ ಸಸಿಯೇ ಆದರೂ.