ಸ್ಲೋ ಬರ್ನ್ ಹಾರರ್ ಅಂದ್ರೆ ಏನು?

ಒಂದು ಹಾರರ್ ಸಿನಿಮಾವನ್ನು ಯಾರಾದರೂ ‘ಸ್ಲೋ ಬರ್ನ್’ ಅಂದರೆ, ಅರ್ಧ ಜನ ಅದನ್ನು ‘ಬೋರ್ ಹೊಡೆಸುತ್ತೆ’ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ಪಾಪ, ಅವರದ್ದೂ ತಪ್ಪಿಲ್ಲ. ಈ ಹೆಸರಿನಲ್ಲಿ ನಿಜವಾಗಿಯೂ ಬೋರ್ ಹೊಡೆಸುವ ಸಿನಿಮಾಗಳು ಬೇಕಾದಷ್ಟು ಬಂದಿವೆ.

ಸ್ಲೋ ಬರ್ನ್ ಅಂದರೆ ಭಯವನ್ನು ಒಂದೇ ಸಲ ಎದುರಿಗೆ ತಂದು ನಿಲ್ಲಿಸದೆ, ಇಷ್ಟಿಷ್ಟೇ ಬೆಳೆಸುವ ರೀತಿ. ಮೊದಮೊದಲು ದೆವ್ವವೂ ಇಲ್ಲ, ರಕ್ತವೂ ಇಲ್ಲ. ಇರುವುದು ಒಂದು ಜಾಗ, ಕೆಲವು ಜನ, ಎಲ್ಲೋ ಏನೋ ಸರಿಯಿಲ್ಲ ಅನ್ನುವ ಅನುಮಾನ. ಅದು ನಿಜವೋ ಸುಳ್ಳೋ ಅಂತ ಸಿನಿಮಾ ಬೇಗ ಬಾಯಿ ಬಿಡುವುದಿಲ್ಲ. ಆದರೆ ಒಂದು ಷರತ್ತಿದೆ. ಸಾಲದ ಬಡ್ಡಿಯ ಹಾಗೆ ಆ ಅನುಮಾನ ದೃಶ್ಯದಿಂದ ದೃಶ್ಯಕ್ಕೆ ಬೆಳೆಯುತ್ತಲೇ ಇರಬೇಕು. ಏನೂ ಬೆಳೆಯದೆ ಸುಮ್ನೆ ಎಳೆದರೆ ಅದು ಬರೀ ಸ್ಲೋ.

ಇದರ ಜೊತೆಗೆ ‘ಅಟ್ಮಾಸ್ಫೆರಿಕ್’ ಅನ್ನುವ ಮಾತೂ ಬರುತ್ತೆ. ಹೆದರಿಸುವ ಕೆಲಸವನ್ನು ಪಾತ್ರಗಳಿಗಿಂತ ಜಾಗ, ಬೆಳಕು, ಸದ್ದು ಜಾಸ್ತಿ ಮಾಡುತ್ತವೆ ಅನ್ನುವುದು ಅದರ ಅರ್ಥ.

ಇಂಥ ಸಿನಿಮಾಗಳಲ್ಲಿ ಎಷ್ಟೋ ಸಣ್ಣಕತೆಗಳಿಂದ ಹುಟ್ಟಿದವು. ಸಣ್ಣಕತೆಯಲ್ಲಿ ಸಾಮಾನ್ಯವಾಗಿ ಒಂದೇ ಭಯ ಇರುತ್ತೆ, ಘಟನೆಗಳು ಕಡಿಮೆ. ದಪ್ಪ ಕಾದಂಬರಿಯನ್ನು ಸಿನಿಮಾ ಮಾಡುವವರಿಗೆ ಏನು ಬಿಡೋದು ಅನ್ನುವ ಚಿಂತೆ. ಸಣ್ಣಕತೆ ಹಿಡಿದವರಿಗೆ ಏನು ಸೇರಿಸೋದು ಅನ್ನುವ ಚಿಂತೆ. ಕತೆಯೇ ನಿಧಾನ, ಹಾಗಾಗಿ ಸಿನಿಮಾನೂ ನಿಧಾನ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಎಷ್ಟೋ ಸಲ ಉಲ್ಟಾ. ಕತೆ ಓಡುತ್ತಿರುತ್ತೆ, ಕಾಯಿಸುವ ಭಾಗವನ್ನು ಸಿನಿಮಾದವರು ಸೇರಿಸಿರುತ್ತಾರೆ.

ಹಿಚ್‌ಕಾಕ್‌ರ ‘ದಿ ಬರ್ಡ್ಸ್’ (1963) ನೋಡಿ. ಅದಕ್ಕೆ ಮೂಲ ಡಾಫ್ನಿ ಡು ಮೊರಿಯೆ 1952ರಲ್ಲಿ ಪ್ರಕಟಿಸಿದ ಕತೆ. ಅದು ನಡೆಯುವುದು ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯಲ್ಲಿ, ಹೊಲದಲ್ಲಿ ಕೆಲಸ ಮಾಡುವ ಒಬ್ಬನ ಮನೆಯಲ್ಲಿ. ಮೊದಲ ರಾತ್ರಿಯೇ ಹಕ್ಕಿಗಳು ಮಕ್ಕಳ ಕೋಣೆಗೆ ನುಗ್ಗಿಬಿಡುತ್ತವೆ. ಹಿಚ್‌ಕಾಕ್ ಕತೆಯನ್ನು ಕ್ಯಾಲಿಫೋರ್ನಿಯಾದ ‘ಬೊಡೇಗಾ ಬೇ’ ಅನ್ನುವ ಊರಿಗೆ ಒಯ್ದರು. ಶುರುವಿನಲ್ಲಿ ನಾವು ನೋಡುವುದು ಒಂದು ಹುಡುಗಾಟದ ಪ್ರೇಮಕತೆ. ನಾಯಕಿ ದೋಣಿಯಲ್ಲಿ ಬರುವಾಗ ಒಂದು ಕಡಲಹಕ್ಕಿ ತಲೆಗೆ ಕುಕ್ಕಿ ಹೋಗುತ್ತೆ. ಆಮೇಲೆ ಕೋಳಿಗಳು ಕಾಳು ತಿನ್ನುತ್ತಿಲ್ಲ ಅನ್ನುವ ಮಾತು. ರಾತ್ರಿ ಒಂದು ಹಕ್ಕಿ ಬಾಗಿಲಿಗೆ ಬಡಿದು ಸಾಯುತ್ತೆ. ಬಿಡಿಬಿಡಿಯಾಗಿ ನೋಡಿದರೆ ಒಂದೂ ದೊಡ್ಡ ವಿಷಯವಲ್ಲ.

ಶಾಲೆಯ ಹೊರಗಿನ ದೃಶ್ಯವಂತೂ ಈ ರೀತಿಗೆ ಪಾಠದಂತಿದೆ. ನಾಯಕಿ ಬೆಂಚಿನ ಮೇಲೆ ಕೂತು ಸಿಗರೇಟು ಹಚ್ಚುತ್ತಾಳೆ. ಒಳಗೆ ಮಕ್ಕಳು ಹಾಡುತ್ತಿದ್ದಾರೆ. ಅವಳ ಬೆನ್ನ ಹಿಂದೆ ಮಕ್ಕಳು ಹತ್ತಿ ಆಡುವ ಕಂಬಿಗಳ ಮೇಲೆ ಒಂದು ಕಾಗೆ ಬಂದು ಕೂರುತ್ತೆ. ಮತ್ತೆ ಅವಳ ಮುಖ. ಇನ್ನೂ ಒಂದೆರಡು ಕಾಗೆ. ಮತ್ತೆ ಅವಳ ಮುಖ. ಈ ಸಲ ಕ್ಯಾಮೆರಾ ಅವಳನ್ನು ಬಿಟ್ಟು ಕದಲುವುದೇ ಇಲ್ಲ. ಹಿಂದೆ ಏನಾಗುತ್ತಿದೆ ಅಂತ ನಮಗೆ ಕಾಣುತ್ತಿಲ್ಲ, ಆದರೆ ಗೊತ್ತು. ಕೊನೆಗೆ ಆಕಾಶದಲ್ಲಿ ಹಾರುವ ಒಂದು ಕಾಗೆಯನ್ನು ಕಣ್ಣಲ್ಲೇ ಹಿಂಬಾಲಿಸಿ ಅವಳು ತಿರುಗುತ್ತಾಳೆ. ಕಂಬಿಗಳ ತುಂಬಾ ಕಾಗೆಗಳು! ಹಾಗಿದ್ದೂ ಯಾವ ಕಾಗೆಯೂ ಇನ್ನೂ ಏನೂ ಮಾಡಿಲ್ಲ. ಇಡೀ ಸಿನಿಮಾದಲ್ಲಿ ಮಾಮೂಲಿ ಹಿನ್ನೆಲೆ ಸಂಗೀತವಿಲ್ಲ, ಹಾಗಾಗಿ ಎಲ್ಲಿ ಹೆದರಬೇಕು ಅಂತ ಹೇಳಿಕೊಡುವವರೂ ಇಲ್ಲ.

ಅದೇ ಲೇಖಕಿಯ ಇನ್ನೊಂದು ಕತೆಯಿಂದ ನಿಕೊಲಸ್ ರೋಗ್ ‘ಡೋಂಟ್ ಲುಕ್ ನೌ’ (1973) ಮಾಡಿದರು. ಮಗಳನ್ನು ಕಳೆದುಕೊಂಡ ಗಂಡ ಹೆಂಡತಿ ವೆನಿಸ್‌ನಲ್ಲಿದ್ದಾರೆ. ಕತೆಯಲ್ಲಿ ಮಗು ಸತ್ತಿದ್ದು ಮಿದುಳು ಜ್ವರದಿಂದ. ಸಿನಿಮಾದಲ್ಲಿ ಕೆಂಪು ರೇನ್‌ಕೋಟ್ ಹಾಕಿದ ಮಗು ಕೊಳದಲ್ಲಿ ಮುಳುಗುತ್ತೆ, ಅದೂ ನಮ್ಮ ಕಣ್ಣೆದುರೇ. ಒಂದು ಬದಲಾವಣೆ, ಅಷ್ಟೆ. ಆಮೇಲೆ ವೆನಿಸ್‌ನ ಮಂಕು ಬಣ್ಣದ ಓಣಿಗಳಲ್ಲಿ ಎಲ್ಲಿ ಕೆಂಪು ಕಂಡರೂ ಎದೆ ಧಸಕ್ ಅನ್ನುತ್ತೆ.

ಹಾಗಂತ ಜಂಪ್ ಸ್ಕೇರ್, ಅಂದರೆ ದಿಢೀರ್ ಅಂತ ಬೆಚ್ಚಿಬೀಳಿಸೋದು, ಇದಕ್ಕೆ ಶತ್ರುವೇನಲ್ಲ. ಜಾಕ್ ಟೂರ್ನರ್‌ರ ‘ಕ್ಯಾಟ್ ಪೀಪಲ್’ನಲ್ಲಿ (1942) ಒಬ್ಬಳು ರಾತ್ರಿ ಒಂಟಿಯಾಗಿ ನಡೆಯುತ್ತಾಳೆ. ಹಿಂದೆ ಕೇಳುತ್ತಿದ್ದ ಹೆಜ್ಜೆ ಸದ್ದು ನಿಂತುಹೋಗುತ್ತೆ. ಆಗ ಬುಸ್ ಅಂತ ನುಗ್ಗಿ ಬರುವುದು ಒಂದು ಬಸ್ಸು. ಆ ಬಸ್ಸಿಗೆ ನಾವು ಬೆಚ್ಚುವುದು ಅದಕ್ಕೆ ಮುಂಚಿನ ನಡಿಗೆಯಿಂದ.

ಕಷ್ಟದ ಪ್ರಶ್ನೆ ಅಂದರೆ, ಕೊನೆಗೂ ತೋರಿಸಬೇಕಾ? ಇದೇ ಟೂರ್ನರ್ 1957ರಲ್ಲಿ ಎಂ. ಆರ್. ಜೇಮ್ಸ್‌ರ ಕತೆಯೊಂದನ್ನು ‘ನೈಟ್ ಆಫ್ ದಿ ಡೀಮನ್’ ಎಂದು ಸಿನಿಮಾ ಮಾಡಿದರು. ಕತೆಯಲ್ಲಿ ಆ ಪಿಶಾಚಿ ನೆಟ್ಟಗೆ ಕಣ್ಣಿಗೆ ಬೀಳುವುದೇ ಇಲ್ಲ. ಕತ್ತಲಲ್ಲಿ ಒಬ್ಬ ದಿಂಬಿನ ಕೆಳಗೆ ಕೈ ಹಾಕುತ್ತಾನೆ. ಕೈಗೆ ತಾಗುವುದು ಒಂದು ಬಾಯಿ. ಹಲ್ಲಿದೆ, ಸುತ್ತ ಕೂದಲಿದೆ, ಮನುಷ್ಯನದ್ದಲ್ಲ. ಸಿನಿಮಾದಲ್ಲಾದರೆ ಶುರುವಿನಲ್ಲೇ ಪಿಶಾಚಿ ಪೂರ್ತಿಯಾಗಿ ಎದ್ದು ನಿಲ್ಲುತ್ತೆ. ಟೂರ್ನರ್‌ಗೆ ಅದು ಬೇಕಿರಲಿಲ್ಲ, ನಿರ್ಮಾಪಕರು ಸೇರಿಸಿದರು. ತೋರಿಸಿದ್ದು ಸರಿಯೋ ತಪ್ಪೋ ಅಂತ ಹಾರರ್ ಪ್ರಿಯರು ಈಗಲೂ ಜಗಳ ಆಡುತ್ತಾರೆ. ನನ್ನ ವೋಟು ದಿಂಬಿಗೆ.